ಶೀನಪ್ಪ ಕಲಿಸಿದ ಎರಡು ಸಾಲು

ಡಿಸೆಂಬರ್ ತಿಂಗಳು, ಮಂಜು ಬೀಳುವ ಕಾಲ. ಶನಿವಾರ ಬೆಳಿಗ್ಗೆ ಆರೂವರೆಗೆ ಬರ್ ದುಬೈಯ ಒಂದು ಹೋಟೆಲಿನ ಎದುರಿನಿಂದ ಶೀನಪ್ಪನ ಬಸ್ಸು ಅಬುಧಾಬಿಗೆ ಹೊರಟಿತು. ಆ ದಿವಸ ಮಂಜು ಇಲ್ಲದಿದ್ದರೆ ಬಸ್ಸು ಬೇಗ ಹೋಗುತ್ತಿತ್ತು. ಬೇಗ ಹೋಗಿದ್ದರೆ ಮಾತು ಬೆಳೆಯುತ್ತಿರಲಿಲ್ಲ. ಆದರೆ ಮಂಜು ಬಿದ್ದಿತ್ತು, ಹತ್ತು ಮಾರು ಮುಂದಿನ ಲಾರಿಯೂ ಕಾಣಿಸದ ಹಾಗೆ.

ಬಸ್ಸಿನಲ್ಲಿ ಹದಿನಾಲ್ಕು ಜನ, ನೈಜೀರಿಯ ದೇಶದವರು. ಅವರ ಬ್ಯಾಂಡಿನ ಹೆಸರು 'ನೋ ಲೈಟ್'. ಅವರ ಊರಿನಲ್ಲಿ ಕರೆಂಟು ಹೋದರೆ ಜನ ಕೂಗುವ ಮಾತಂತೆ ಅದು. ಕರೆಂಟಿಲ್ಲ ಅಂತ ಹೆಸರಿಟ್ಟುಕೊಂಡವರು ಹದಿನೇಳು ಪೆಟ್ಟಿಗೆ ಕರೆಂಟಿನ ಸಾಮಾನು ತಂದಿದ್ದರು. ಎಲ್ಲವನ್ನೂ ಹೊತ್ತು ಬಸ್ಸಿಗೆ ಹಾಕಿದ ಶೀನಪ್ಪನ ಸೊಂಟಕ್ಕೆ ಆ ಹೆಸರಿನ ಮೇಲೆ ಸ್ವಲ್ಪ ಸಿಟ್ಟಿತ್ತು.

ಬ್ಯಾಂಡಿನ ಯಜಮಾನಿ ಹಾಡುವ ಹೆಂಗಸು. ಹೆಸರು ಬಿಸಿ. ನಮ್ಮಲ್ಲಿ ಚಹಾ ಬಿಸಿ, ಅವರಲ್ಲಿ ಮನುಷ್ಯರೇ ಬಿಸಿ. ಐವತ್ತರ ಹತ್ತಿರದ ಗಟ್ಟಿ ಹೆಂಗಸು, ಡ್ರೈವರ್ ಪಕ್ಕದ ಸೀಟಿನಲ್ಲಿ ಕುಳಿತಳು. ಶೀನಪ್ಪನನ್ನು 'ಪಾಪಾ' ಅಂತ ಕರೆದಳು. ಅವರಲ್ಲಿ ಹಿರಿಯರನ್ನು ಹಾಗೆ ಕರೆಯುವುದಂತೆ. ನಮ್ಮಲ್ಲಿ ಪಾಪ ಅಂದರೆ ಎಂತದು ಅಂತ ನಿಮಗೇ ಗೊತ್ತುಂಟು.

ಅವಳ ಇಂಗ್ಲಿಷ್ ಒಂದು ದಾರಿ, ಇವನ ಇಂಗ್ಲಿಷ್ ಇನ್ನೊಂದು ದಾರಿ. ಮೂವತ್ತೊಂದು ವರ್ಷ ದುಬೈಯಲ್ಲಿ ಬಸ್ಸು ಬಿಟ್ಟವನಿಗೆ ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ.

"ಪಾಪಾ, ನಮ್ಮದೊಂದು ಹಾಡುಂಟು," ಅಂದಳು. "ದೊಡ್ಡ ಮನುಷ್ಯ ತಿನ್ತಾನೆ, ನಾವು ನೋಡ್ತೇವೆ. ಇಷ್ಟೇ. ಹೋದ ಹೋದ ದೇಶದಲ್ಲಿ ಅಲ್ಲಿಯ ಭಾಷೆಯಲ್ಲಿ ಅದನ್ನು ಹಾಡುವುದು ನಮ್ಮ ಪದ್ಧತಿ. ಡ್ರೈವರನ್ನೇ ಕೇಳುವುದು. ಯಾರು ತಿನ್ತಾರೆ, ಯಾರು ನೋಡ್ತಾರೆ ಅಂತ ಡ್ರೈವರಿಗೆ ಗೊತ್ತಿರ್ತದೆ. ನಿನ್ನ ಭಾಷೆಯಲ್ಲಿ ಎಂತ ಹೇಳ್ತಾರೆ?"

ಶೀನಪ್ಪ ಮಂಜನ್ನು ನೋಡುತ್ತ, ಲೋಕವೇ ಮುಚ್ಚಿಕೊಂಡಿದೆ, ಯಾರಿಗೆ ಕೇಳುತ್ತದೆ ಅನ್ನುವ ಧೈರ್ಯದಲ್ಲಿ, ತುಳುವಿನಲ್ಲಿ ಹೇಳಿಬಿಟ್ಟ: "ಮಲ್ಲಾಯೆ ತಿನ್ಪೆ, ನಮ ತೂಪ."

ಬಿಸಿ ಮೇಡಂ ಒಂದು ಸಲ ಹೇಳಿದಳು, ಎರಡು ಸಲ ಹೇಳಿದಳು. ಮೂರನೆಯ ಸಲಕ್ಕೆ ಹಿಂದಿನ ಸೀಟಿನವ ಡ್ರಮ್ಮಿನ ಕೋಲಿನಿಂದ ಕಿಟಕಿಗೆ ತಾಳ ಹಾಕಿದ. ಜೆಬೆಲ್ ಅಲಿ ದಾಟುವುದರೊಳಗೆ ಹದಿನಾಲ್ಕು ಜನವೂ ಹಾಡುತ್ತಿದ್ದರು. ಶೀನಪ್ಪನ ಎಡಗಾಲು ಅವನ ಅಪ್ಪಣೆಯಿಲ್ಲದೆ ಕುಣಿಯಿತು. ಕ್ಲಚ್ಚಿಲ್ಲದ ಬಸ್ಸಿನಲ್ಲಿ ಅದು ಕೆಲಸವಿಲ್ಲದ ಕಾಲು, ತೊಂದರೆಯಿರಲಿಲ್ಲ. ಬಲಗಾಲಿಗೂ ಕುಣಿತ ಹಿಡಿದಾಗ ಬಸ್ಸು ಬೆದರಿದ ಎಮ್ಮೆಯ ಹಾಗೆ ಎರಡು ಸಲ ಮುಗ್ಗರಿಸಿತು.

ಅಬುಧಾಬಿಯ ಅಲ್ ಮೀನಾದಲ್ಲಿ, ಮೀನು ಮಾರ್ಕೆಟಿನ ಗಾಳಿ ಬರುವ ಒಂದು ಬಯಲಿನಲ್ಲಿ ಸಂಜೆಯ ಹಾಡಿನ ಆಟಕ್ಕೆ ಸ್ಟೇಜು ಎದ್ದಿತ್ತು. ಸ್ಟೇಜು, ಲೈಟು, ಊಟ, ಬಸ್ಸು ಎಲ್ಲ ಪಾಯ್ಸ್ ಸರ್ ಕಂಪನಿಯದ್ದು. ಪಾಯ್ಸ್ ಸರ್ ಅಂದರೆ ಮಂಗಳೂರಿನ ಕಡೆಯವರು. ಮನೆಯಲ್ಲಿ ಕೊಂಕಣಿ, ಬೈಯುವಾಗ ತುಳು. ಕೆಲಸಕ್ಕೆ ಇಟ್ಟುಕೊಂಡ ನಲವತ್ತು ಜನರೂ ಊರಿನ ಕಡೆಯವರೇ. ಸರ್ ಆರಡಿ ಎತ್ತರ, ಮುಂದಕ್ಕೆ ಮೂರಡಿ. ಲಿಫ್ಟಿನಲ್ಲಿ ಅವರು ಹತ್ತಿದರೆ ಉಳಿದವರು ಮೆಟ್ಟಿಲು ಹತ್ತುತ್ತಿದ್ದರು, ಮರ್ಯಾದೆಗೂ ಹೌದು, ಜಾಗವಿಲ್ಲದ್ದಕ್ಕೂ ಹೌದು. ಬೆನ್ನ ಹಿಂದೆ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು 'ಮಲ್ಲಾಯೆ', ದೊಡ್ಡವ, ಅಂತಲೇ.

ಇದು ಶೀನಪ್ಪನಿಗೆ ನೆನಪಾದದ್ದು ಹನ್ನೊಂದು ಗಂಟೆಗೆ. ಮೈಕು ಸರಿಯುಂಟೋ ಅಂತ ನೋಡಲು ಬ್ಯಾಂಡಿನವರು ಹಾಡು ಶುರುಮಾಡಿದಾಗ, ಮನೆಯಷ್ಟೆತ್ತರದ ಎಂಟು ಸ್ಪೀಕರಿನಿಂದ ಅವನದೇ ಮಾತು ಸಮುದ್ರದವರೆಗೆ ಹೋಯಿತು.

"ಮಲ್ಲಾಯೆ ತಿನ್ಪೆ! ನಮ ತೂಪ!"

ಕಂಬ ಹೊತ್ತವರು ಕಂಬ ಇಳಿಸಿದರು. ವೈರು ಎಳೆಯುತ್ತಿದ್ದ ಸೆಬಾಸ್ಟಿಯನ್ ಓಡಿ ಬಂದ. ಸೆಬಾಸ್ಟಿಯನ್ ಶಿರ್ವದವ. ವೈರು ಜೋಡಿಸುವುದು ಅವನ ಕೆಲಸ, ಇಲ್ಲದ್ದನ್ನು ಜೋಡಿಸುವುದು ಅವನ ಹವ್ಯಾಸ.

"ಶೀನಣ್ಣ, ಇದು ತುಳು ಅಲ್ವಾ?"

"ಆಫ್ರಿಕಾದ್ದು ಇರ್ಬೇಕು," ಅಂದ ಶೀನಪ್ಪ.

"ಆಫ್ರಿಕಾದಲ್ಲಿ ತೂಪ ಅಂತಾರಾ ಮಾರಾಯ? ಬಸ್ಸಲ್ಲಿ ಇವರೊಟ್ಟಿಗೆ ಇದ್ದ ತುಳುವ ನೀನೊಬ್ಬನೇ." ಸೆಬಾಸ್ಟಿಯನ್ ಹತ್ತಿರ ಬಂದು ಸ್ವರ ಇಳಿಸಿದ. "ನಿನ್ನ ವೀಸಾದ ಕಾಗದ ಇವತ್ತು ಸಹಿಗೆ ಹೋಗುವುದಲ್ವಾ?"

ಶೀನಪ್ಪ ಬಸ್ಸಿನ ಕೀಲಿಯನ್ನು ಗಟ್ಟಿಯಾಗಿ ಹಿಡಿದುಕೊಂಡ.

ಕಂಪನಿಯ ಪದ್ಧತಿ ಹಾಗಿತ್ತು. ಅರವತ್ತು ತುಂಬಿದವನನ್ನು ಇನ್ನು ಮುಂದೆಯೂ ಇಟ್ಟುಕೊಳ್ಳಬೇಕಾದರೆ ಪಾಯ್ಸ್ ಸರ್ ತಾವೇ ಕಾಗದ ನೋಡಿ ಸಹಿ ಹಾಕಬೇಕು. ಶೀನಪ್ಪನಿಗೆ ಹೋದ ತಿಂಗಳು ಅರವತ್ತಾಗಿತ್ತು. ಮಗಳು ಮಂಗಳೂರಿನಲ್ಲಿ ನರ್ಸಿಂಗ್ ಕಲಿಯುತ್ತಿದ್ದಳು, ಇನ್ನೆರಡು ವರ್ಷ ಬಾಕಿ. ಸಹಿ ಬಿದ್ದರೆ ಆ ಎರಡು ವರ್ಷ. ಬೀಳದಿದ್ದರೆ ವಿಮಾನ.

"ರಾಜಕೀಯದ ಹಾಡು ಹಾಡುವವರು ಇವರು," ಸೆಬಾಸ್ಟಿಯನ್ ಬಿಡಲಿಲ್ಲ. "ಅವರ ಊರಲ್ಲಿ ಮಂತ್ರಿಗಳೇ ಹೆದರ್ತಾರಂತೆ. ಅವರಿಗೆ ನೀನು ಬಾಯಿ ಕೊಟ್ಟೆ. ಅವರು ಸೋಮವಾರ ಹೋಗ್ತಾರೆ. ನೀನು?"

ಅಷ್ಟರಲ್ಲಿ ಪಾಯ್ಸ್ ಸರ್‌ನ ಬಿಳಿ ಕಾರು ಬಯಲಿನ ಬದಿಗೆ ಬಂದು ನಿಂತಿತು. ಕಿಟಕಿಯ ಗಾಜು ಇಳಿಯಿತು. ಉಂಗುರದ ದಪ್ಪ ಕೈಯೊಂದು ಫೋನು ಹಿಡಿದು ಸ್ಪೀಕರಿನ ಕಡೆಗೆ ಚಾಚಿತು. ಹಾಡು ಮುಗಿಯುವವರೆಗೆ ಕೈ ಅಲುಗಲಿಲ್ಲ. ಆಮೇಲೆ ಗಾಜು ಏರಿತು, ಕಾರು ಹೋಯಿತು.

"ರೆಕಾರ್ಡ್ ಮಾಡಿಕೊಂಡ್ರು," ಅಂದ ಸೆಬಾಸ್ಟಿಯನ್, ಮಾರ್ಕೆಟಿನ ಕಲ್ಲಿನ ಮೇಲಿನ ಮೀನನ್ನು ನೋಡುವ ಹಾಗೆ ಶೀನಪ್ಪನನ್ನು ನೋಡುತ್ತ. "ಸಾಕ್ಷಿ."

ಶೀನಪ್ಪ ಸ್ಟೇಜಿನ ಮೆಟ್ಟಿಲು ಹತ್ತಿದ. ಡ್ರಮ್ಮು ಇನ್ನೂ ನಿಂತಿರಲಿಲ್ಲವಾದ್ದರಿಂದ ಕಾಲು ಮೆಟ್ಟಿಲನ್ನೂ ತಾಳಕ್ಕೆ ಸರಿಯಾಗಿಯೇ ಹತ್ತಿತು.

"ಮೇಡಂ, ಆ ಮಾತು ಬೇಡ. ಕೆಟ್ಟ ಮಾತು."

"ಕೆಟ್ಟದ್ದಾ?" ಬಿಸಿ ಮೇಡಂನ ಕಣ್ಣು ಅರಳಿತು. "ಎಷ್ಟು ಕೆಟ್ಟದ್ದು?"

"ತುಂಬಾ ಕೆಟ್ಟದ್ದು. ದೊಡ್ಡವರಿಗೆ ಸಿಟ್ಟು ಬರ್ತದೆ."

ಅವಳು ಹಿಂದೆ ತಿರುಗಿ, ಕಹಳೆ ಊದುವ ಮೂವರಿಗೂ ಆ ಸಾಲಿಗೆ ಇನ್ನೂ ಜೋರಾಗಿ ಊದಲು ಹೇಳಿದಳು.

ಶೀನಪ್ಪ ಇಳಿದು ಬಂದ. ಬಸ್ಸಿನ ನೆರಳಿನಲ್ಲಿ ಕುಳಿತ. ಎಲ್ಲಿಗಾದರೂ ಓಡಿಹೋಗುವ ಅಂದರೆ ಬಸ್ಸಿನ ಕೀಲಿ ಕೈಯಲ್ಲೇ ಇತ್ತು, ಹೋಗಲು ಊರಿರಲಿಲ್ಲ.

ಹನ್ನೆರಡೂವರೆಗೆ ಊಟದ ಗಾಡಿ ಬಂತು. ಕೆಲಸದವರು ಕೈ ತೊಳೆದು ಸಾಲು ನಿಂತರು. ಗಾಡಿಯ ಬಾಗಿಲು ತೆರೆದರೆ ಒಳಗೆ ಬೆಳ್ಳಿಯ ಹಾಗೆ ಹೊಳೆಯುವ ಪಾತ್ರೆ, ಕೋರಿ ರೊಟ್ಟಿ, ಹುರಿದ ಅಂಜಲ್ ಮೀನು, ಬಿರಿಯಾನಿ. ಬಾಗಿಲಿಗೆ ಅಡ್ಡ ನಿಂತದ್ದು ಆಫೀಸಿನ ಝುಬೈರ್. ಉಳ್ಳಾಲದ ಬ್ಯಾರಿ, ನೀಲಿ ಫೈಲು ಕಂಕುಳಿನಲ್ಲಿಯೇ ಹುಟ್ಟಿದ್ದೋ ಅನ್ನುವ ಮನುಷ್ಯ.

"ಇದು ನಿಮ್ದಲ್ಲ. ಸರ್‌ನ ಗೆಸ್ಟ್‌ಗಳದ್ದು," ಅಂದ. "ಸಂಜೆಗೆ ನಲವತ್ತು ಗೆಸ್ಟ್ ಬರ್ತಾರೆ. ದುಬೈಯ ಕರಾಮದಲ್ಲಿ ಸರ್ ಹೊಸ ಹೋಟೆಲು ತೆಗೀತಾರಲ್ಲ, ಅದರ ಪರಿಚಯಕ್ಕೆ. ಹೆಸರೊಂದು ಸಿಕ್ಕಲಿಲ್ಲ ಅಂತ ಎರಡು ತಿಂಗಳಿಂದ ನಿದ್ದೆಯಿಲ್ಲ ಅವರಿಗೆ."

"ನಮ್ದು ಊಟ?" ಸಾಲಿನಿಂದ ಯಾರೋ ಕೇಳಿದರು.

"ಗಾಡಿ ಒಂದೇ ಅಲ್ವಾ? ದುಬೈಯ ಮುಹೈಸ್ನಾ ಕ್ಯಾಂಪಿನ ಅಡಿಗೆಮನೆಗೆ ವಾಪಸ್ ಹೋಗಿ ತರ್ಬೇಕು. ಬರ್ತದೆ, ಬರ್ತದೆ. ಯಲ್ಲಾ, ಕೆಲಸ ನೋಡಿ."

ಆಮೇಲೆ ಶೀನಪ್ಪನನ್ನು ಬದಿಗೆ ಕರೆದ. "ಶೀನಣ್ಣ, ನಿಮ್ಮ ಕಾಗದ ಇದರಲ್ಲೇ ಉಂಟು. ಆಟ ಮುಗಿದ ಕೂಡಲೇ ಸಹಿ ಹಾಕಿಸ್ತೇನೆ. ಸರ್ ಬೆಳಿಗ್ಗೆಯಿಂದ ಒಂದೇ ಹಾಡನ್ನು ಫೋನಲ್ಲಿ ತಿರುಗಿಸಿ ತಿರುಗಿಸಿ ಕೇಳ್ತಿದ್ದಾರೆ. ಮುಖ ಕೆಂಪಾಗಿದೆ. ಯಾಕೋ ಗೊತ್ತಿಲ್ಲ."

ಯಾಕೆ ಅಂತ ಶೀನಪ್ಪನಿಗೆ ಗೊತ್ತಿತ್ತು.

ಎರಡು ಗಂಟೆಯಾಯಿತು, ಮೂರಾಯಿತು, ಊಟ ಬರಲಿಲ್ಲ. ಹೆದರಿಕೆಗೆ ಶೀನಪ್ಪನಿಗೆ ಹಸಿವು ತಿಳಿಯಲಿಲ್ಲ. ಮೂರೂವರೆಗೆ ಅವನ ತಲೆಗೆ ಒಂದು ಉಪಾಯ ಬಂತು. ಮೂವತ್ತೊಂದು ವರ್ಷದಲ್ಲಿ ಬಂದ ಒಂದೇ ಉಪಾಯವಾದ್ದರಿಂದ ಅದನ್ನು ಅವನು ಪೂರ್ತಿ ನಂಬಿದ. ಪುನಃ ಮೆಟ್ಟಿಲು ಹತ್ತಿದ.

"ಮೇಡಂ, ನಾನು ಬೆಳಿಗ್ಗೆ ಹೇಳಿದ್ದು ತಪ್ಪು. ವ್ಯಾಕರಣ ತಪ್ಪು. ತುಳುವಿನವರು ಕೇಳಿದ್ರೆ ನಗ್ತಾರೆ."

ಈ ಸಲ ಬಿಸಿ ಮೇಡಂ ಗಾಬರಿಯಾದಳು. "ಅಯ್ಯೋ, ಪರಭಾಷೆಯನ್ನು ಕೆಡಿಸಬಾರದು ಪಾಪಾ. ಸರಿಯಾದದ್ದು ಹೇಳು."

ಯಾರಿಗೂ ನೋಯದ, ಯಾವ ಬಾಲವೂ ಇಲ್ಲದ ಒಂದು ಮಾತು ಬೇಕಿತ್ತು. ಖಾಲಿ ಹೊಟ್ಟೆಯಿಂದ ಹೊರಬಂದದ್ದು, ಊರಿನಲ್ಲಿ ಎದುರಿಗೆ ಸಿಕ್ಕವರನ್ನೆಲ್ಲ ಕೇಳುವ ಮಾತು. "ವಣಸ್ ಆಂಡಾ? ಅಂದ್ರೆ, ಊಟ ಆಯ್ತಾ?"

"ಊಟ ಆಯ್ತಾ," ಅಂದಳು ಅವಳು ನಿಧಾನ. "ಅಷ್ಟೇ ಕೇಳಿದ್ದಕ್ಕೆ ನಮ್ಮೂರ ರೇಡಿಯೋದಲ್ಲಿ ನನ್ನಪ್ಪನ ಕೆಲಸ ಹೋಯ್ತು, ಪಾಪಾ. ಇದು ಅದಕ್ಕಿಂತ ಒಳ್ಳೆಯ ಸಾಲು."

ಕಹಳೆಯವ ಆಗಲೇ ಊದಲು ಶುರುಮಾಡಿದ್ದರಿಂದ ಶೀನಪ್ಪನಿಗೆ ಕಡೆಯ ಎರಡು ಮಾತು ಮಾತ್ರ ಕೇಳಿಸಿತು. ಒಳ್ಳೆಯ ಸಾಲು. ಅವನು ಹಗುರಾಗಿ ಇಳಿದು ಬಂದ.

ನಾಲ್ಕೂವರೆಗೆ ಆಟ ಶುರುವಾಯಿತು. ಬಯಲು ತುಂಬ ಜನ. ಎದುರಿನ ಸಾಲಿನಲ್ಲಿ ಬಿಳಿ ಬಟ್ಟೆ ಹೊದಿಸಿದ ಮೇಜುಗಳು. ನಡುವೆ ಪಾಯ್ಸ್ ಸರ್, ಪಕ್ಕದಲ್ಲಿ ಹೆಂಡತಿ ಗ್ರೇಸಿ ಬಾಯಿ, ಸುತ್ತ ನಲವತ್ತು ಗೆಸ್ಟ್. ಸರ್ ಪ್ರತಿಯೊಬ್ಬರ ಕಿವಿಯಲ್ಲೂ ಏನೋ ಹೇಳಿ ಸ್ಟೇಜನ್ನು ತೋರಿಸುತ್ತಿದ್ದರು. ದೂರದಿಂದ ಶೀನಪ್ಪನಿಗೆ ಅದು ಪೊಲೀಸರಿಗೆ ಕಳ್ಳನ ಗುರುತು ಹೇಳಿದ ಹಾಗೆ ಕಂಡಿತು.

ಆ ಸಂಗೀತವನ್ನು ಕೇಳದವರಿಗೆ ಹೇಗೆ ಹೇಳುವುದು! ಮೊದಲು ಗಿಟಾರಿನವ ಒಂದೇ ತುಣುಕನ್ನು ಹಿಡಿದು, ಅಜ್ಜಿ ಜಪಮಣಿ ಎಣಿಸುವ ಹಾಗೆ ಬಿಡದೆ ಎಣಿಸುತ್ತಾನೆ. ಮಣಿ ಕಟ್ಟಿದ ಸೋರೆಬುರುಡೆ ಅಲ್ಲಾಡುತ್ತದೆ. ಎರಡು ಡ್ರಮ್ಮು ಒಂದಕ್ಕೊಂದು ಮಾತಿಗೆ ಮಾತು ಕೊಡುತ್ತವೆ. ಹತ್ತು ನಿಮಿಷ ಯಾರೂ ಹಾಡುವುದಿಲ್ಲ. ನಿಂತವರ ಭುಜ ಅಲ್ಲಾಡುತ್ತದೆ, ಆಮೇಲೆ ಸೊಂಟ. ಕಾಲು ಪೂರ್ತಿ ಕೈತಪ್ಪಿ ಹೋದ ಮೇಲೆ ಕಹಳೆಗಳು ಒಟ್ಟಿಗೆ ಜಗಳಕ್ಕೆ ಬಂದ ಹಾಗೆ ಬರುತ್ತವೆ. ಆಗ ಹೆಂಗಸು ಮಾತಾಡುತ್ತಾಳೆ. ಪೆಟ್ರೋಲಿನ ದೇಶದಲ್ಲಿ ಪೆಟ್ರೋಲಿಗೆ ಕ್ಯೂ ನಿಲ್ಲುವುದರ ಬಗ್ಗೆ, ಮಂತ್ರಿಯ ಮನೆಯಲ್ಲಿ ಮಾತ್ರ ಆರದ ದೀಪದ ಬಗ್ಗೆ. ಕುಣಿಯುವವನಿಗೆ ಕುಣಿಯುತ್ತ ಕುಣಿಯುತ್ತ ಸಿಟ್ಟು ಬರುತ್ತದೆ, ಸಿಟ್ಟು ಬಂದರೂ ಕುಣಿತ ನಿಲ್ಲುವುದಿಲ್ಲ.

ಬಿಸಿ ಮೇಡಂ ಕೈ ಎತ್ತಿದಳು. ಎಲ್ಲ ನಿಂತಿತು. ಗಿಟಾರಿನ ಜಪಮಣಿ ಒಂದೇ ಓಡುತ್ತಿತ್ತು.

"ಈಗ ನಿಮ್ಮಲ್ಲೇ ಕೆಲಸ ಮಾಡುವವರ ಭಾಷೆಯಲ್ಲಿ ಒಂದು ಪ್ರಶ್ನೆ," ಅಂದಳು. "ವಣಸ್ ಆಂಡಾ?"

ಎದುರಿನ ಜನರಲ್ಲಿ ಹೆಚ್ಚಿನವರಿಗೆ ಅರ್ಥವಾಗಲಿಲ್ಲ. ಸ್ಟೇಜಿನ ಹಿಂದೆ ಬೆಳಿಗ್ಗೆ ಐದರಿಂದ ಕಂಬ ಹೊತ್ತು, ಹನ್ನೆರಡೂವರೆಗೆ ಕೈ ತೊಳೆದು ಕಾಯುತ್ತಿದ್ದ ನಲವತ್ತು ಜನರಿಗೆ ಅರ್ಥವಾಯಿತು. ಯಾರದೋ ಒಂದು ಸ್ವರ ಹೇಳಿತು: "ಆತ್‌ಜಿ!" ಆಗಿಲ್ಲ.

"ವಣಸ್ ಆಂಡಾ?"

"ಆತ್‌ಜಿ!" ಈ ಸಲ ನಲವತ್ತು ಸ್ವರ.

ಡ್ರಮ್ಮು ಬಿತ್ತು. ಮೂರನೆಯ ಸಲಕ್ಕೆ ಇಡೀ ಬಯಲು ಕೂಗಿತು. ಅರಬರ ಹುಡುಗರು, ಫಿಲಿಪೈನಿನ ಹೆಂಗಸರು, ಮಲಯಾಳಿಗಳು, ಬಿಳಿಯರು, ಅರ್ಥ ಗೊತ್ತಿಲ್ಲದವರೆಲ್ಲ ಕೈ ಮೇಲೆತ್ತಿ ಕುಣಿಯುತ್ತ "ಆತ್‌ಜಿ! ಆತ್‌ಜಿ!" ಕ್ಯಾಮೆರಾದವನಿಗೆ ಆ ಹೊತ್ತಿಗೆ ಸಿಕ್ಕಿದ್ದು ಎದುರಿನ ಮೇಜು. ಎರಡು ಮಾಳಿಗೆ ಎತ್ತರದ ಪರದೆಯ ಮೇಲೆ ಪಾಯ್ಸ್ ಸರ್‌ನ ಮುಖ, ಬಾಯಿಗೆ ಮೂರು ಬೆರಳು ದೂರದಲ್ಲಿ ನಿಂತುಹೋದ ಅಂಜಲ್ ತುಂಡು. ನಲವತ್ತು ಗೆಸ್ಟ್‌ಗಳ ಕೈಯೂ ತಟ್ಟೆಯಲ್ಲೇ ನಿಂತಿತು. ಅವರಲ್ಲಿ ತುಳು ಬಲ್ಲವರು ಬಾರದವರಿಗೆ ಅರ್ಥ ಹೇಳಿದರು. ಗ್ರೇಸಿ ಬಾಯಿ ಎದ್ದು ಹೋಗಿ ಝುಬೈರನನ್ನು ಹಿಡಿದು ಏನೋ ಕೇಳಿದರು. ಅವನು ನೀಲಿ ಫೈಲಿನಿಂದ ಮುಖ ಮುಚ್ಚಿಕೊಂಡ.

ಶೀನಪ್ಪ ಬಸ್ಸಿನ ಬಾಗಿಲು ಹಿಡಿದು ನಿಂತಿದ್ದ. ಮೈಯೆಲ್ಲ ಬೆವರು. ಕಾಲು ಮಾತ್ರ ಕುಣಿಯುತ್ತಿತ್ತು.

ಹಾಡು ಮುಗಿದ ಐದು ನಿಮಿಷಕ್ಕೆ ಝುಬೈರ್ ಬಂದ. "ಶೀನಣ್ಣ, ಹಾಡು ಕಲಿಸಿದವನನ್ನು ಕರ್ಕೊಂಡು ಬಾ ಅಂದ್ರು ಸರ್. ನಿಮ್ಮ ಕಾಗದವೂ ಮೇಜಿನ ಮೇಲೇ ಉಂಟು."

ಸೆಬಾಸ್ಟಿಯನ್ ಅವನ ತೋಳು ಹಿಡಿದ. "ಕೇಳು ಶೀನಣ್ಣ. ನನ್ನ ಮಾವ ಕೋರ್ಟಿನ ಎದುರು ಗೂಡಂಗಡಿ ಇಟ್ಟವ, ಅವ ಹೇಳ್ತಿದ್ದ. ಎರಡು ತಪ್ಪು ಇದ್ರೆ ಸಣ್ಣದನ್ನು ಒಪ್ಪಿಕೊಳ್ಬೇಕು, ದೊಡ್ಡದಕ್ಕೆ ಆಣೆ ಹಾಕ್ಬೇಕು. ಊಟ ಆಯ್ತಾ ಕೇಳುವುದು ತಪ್ಪೇ ಅಲ್ಲ. ಅದನ್ನು ಒಪ್ಪಿಕೊ. ಆ ಮಲ್ಲಾಯೆ ಉಂಟಲ್ಲ, ಫೋನಲ್ಲಿ ರೆಕಾರ್ಡ್ ಆದದ್ದು, ಅದು ನಿನ್ನದಲ್ಲ ಅಂತ ದೈವದ ಮೇಲೆ ಆಣೆ ಹಾಕು. ನಾನೂ ಬರ್ತೇನೆ, ಸಾಕ್ಷಿಗೆ."

ಸ್ಟೇಜಿನ ಬದಿಯ ಡೇರೆಯೊಳಗೆ ಪಾಯ್ಸ್ ಸರ್ ಒಬ್ಬರೇ ಕುಳಿತಿದ್ದರು. ಎದುರಿಗೆ ಫೋನು, ನೀಲಿ ಫೈಲು, ಮುಚ್ಚಳ ತೆಗೆದ ಪೆನ್ನು. ಅವರು ಬಾಯಿ ತೆರೆಯುವ ಮೊದಲೇ ಶೀನಪ್ಪ ಕೈ ಮುಗಿದ. ಬಾಯಿಪಾಠ ಒಂದೇ ಉಸಿರಿಗೆ ಹೊರಬಂತು.

"ಸರ್, ವಣಸ್ ಆಂಡಾ ಹೇಳಿಕೊಟ್ಟವ ನಾನೇ. ಕಡೇ ಗಳಿಗೆಗೆ ಬದಲಾಯಿಸಿದ್ದೂ ನಾನೇ. ಆದ್ರೆ ಆ ಮಲ್ಲಾಯೆ ತಿನ್ಪೆ ನಾನಲ್ಲ. ನಮ್ಮ ಊರಿನ ದೈವದ ಆಣೆ, ಅದು ನನ್ನ ಬಾಯಿಂದ ಬಂದದ್ದಲ್ಲ. ಯಾರು ಹೇಳಿಕೊಟ್ಟದ್ದೋ ನನಗೆ ಗೊತ್ತೇ ಇಲ್ಲ!"

ಪಾಯ್ಸ್ ಸರ್ ತಲೆ ಎತ್ತಿ ನೋಡಿದರು. ಸಿಟ್ಟಿಗಿಂತ ದುಃಖವೇ ಜಾಸ್ತಿ ಇತ್ತು ಮುಖದಲ್ಲಿ. ಫೋನು ಒತ್ತಿದರು. ಬೆಳಗಿನ ಹಾಡು ಸಣ್ಣ ಸ್ವರದಲ್ಲಿ ಬಂತು. ಮಲ್ಲಾಯೆ ತಿನ್ಪೆ, ನಮ ತೂಪ.

"ಎಂಥ ಸಾಲು ಶೀನ ಇದು!" ಅಂದರು. "ನಮ್ಮಪ್ಪನನ್ನು ಊರವರು ಮಲ್ಲಾಯೆ ಅಂತಲೇ ಕರೀತಿದ್ದದ್ದು. ಅವರು ಬಂಗುಡೆ ಮೀನು ತಿನ್ನುವುದನ್ನು ನೋಡ್ಲಿಕ್ಕೆ ಜನ ಅಂಗಳದಲ್ಲಿ ನಿಲ್ತಿದ್ರು. ತಿಂದ್ರೆ ಹಾಗೆ ತಿನ್ಬೇಕು! ಬೆಳಿಗ್ಗೆ ಇದನ್ನು ಕೇಳಿ ನನಗೆ ಕಣ್ಣೀರು ಬಂತು. ನನ್ನ ಹೋಟೆಲಿಗೆ ಹೆಸರು ಸಿಕ್ಕಿತು, ಹಾಡೂ ಸಿಕ್ಕಿತು. ನಲವತ್ತು ಗೆಸ್ಟ್‌ಗಳನ್ನು ಕರ್ಕೊಂಡು ಬಂದು ಈಗ ಬರ್ತದೆ, ಈಗ ಬರ್ತದೆ ಅಂತ ಕೂರಿಸಿದೆ. ಬಂದದ್ದು ಎಂತ? ವಣಸ್ ಆಂಡಾ! ನನ್ನ ಕೆಲಸದವರೇ ಆತ್‌ಜಿ ಅಂತ ಕುಣಿದ್ರು! ಎರಡು ಮಾಳಿಗೆ ಎತ್ತರ ನನ್ನ ಮುಖ ತೋರಿಸಿದ್ರು!"

ಶೀನಪ್ಪನ ಬಾಯಿ ತೆರೆಯಿತು.

"ಮಲ್ಲಾಯೆ ಅಂತ ಹೇಳಿಕೊಟ್ಟವನನ್ನು ಹೊಸ ಹೋಟೆಲಿಗೆ ಮ್ಯಾನೇಜರ್ ಮಾಡುವ ಅಂತಿದ್ದೆ. ಬರ್ ದುಬೈಯಲ್ಲಿ ರೂಮು, ಎರಡು ವರ್ಷದ ವೀಸಾ, ಈ ಪೆನ್ನಲ್ಲೇ. ನೀನೇ ಇರ್ಬಹುದು ಅಂತ ಗ್ರಹಿಸಿದ್ದೆ. ಬಸ್ಸಲ್ಲಿ ಇದ್ದವ ನೀನಲ್ವಾ?"

ಹೌದು ಸರ್ ನಾನೇ, ಅನ್ನಲು ಶೀನಪ್ಪನ ನಾಲಗೆ ಎದ್ದಿತು. ಆದರೆ ಆಣೆ ತುಟಿಯ ಮೇಲೆ ಇನ್ನೂ ಆರಿರಲಿಲ್ಲ. ಕತ್ತಿ, ಕಾಲಿನ ಗಗ್ಗರ, ಕೆಂಪು ಕಣ್ಣು ಸಹಿತ ಊರಿನ ದೈವ ಡೇರೆಯ ಮೂಲೆಯಲ್ಲಿ ನಿಂತು ಅವನನ್ನೇ ನೋಡಿದ ಹಾಗಾಯಿತು. ಪಾಯ್ಸ್ ಸರ್ ಕೊಟ್ಟದ್ದು ಎರಡು ವರ್ಷಕ್ಕೆ ಮುಗಿಯುತ್ತದೆ. ದೈವ ಕೊಟ್ಟದ್ದು ಮಗಳ ಮಕ್ಕಳಿಗೂ ಹೋಗುತ್ತದೆ. ನಾಲಗೆ ಮಲಗಿತು.

"ಸರ್," ಅಂತ ಹಿಂದಿನಿಂದ ಒಂದು ಸ್ವರ ಬಂತು. "ಅದು ನಾನು."

ಸೆಬಾಸ್ಟಿಯನ್ ಎದೆಯ ಮೇಲೆ ಕೈಯಿಟ್ಟು, ತಲೆ ತಗ್ಗಿಸಿ, ಇಗರ್ಜಿಯಲ್ಲಿ ನಿಂತ ಹಾಗೆ ನಿಂತಿದ್ದ. ಅವನು ಯಾವುದರ ಮೇಲೂ ಆಣೆ ಹಾಕಿರಲಿಲ್ಲ.

ಪಾಯ್ಸ್ ಸರ್ ಎದ್ದು ಅವನನ್ನು ತಬ್ಬಿಕೊಂಡರು. ಸೆಬಾಸ್ಟಿಯನ್ ಸ್ವಲ್ಪ ಹೊತ್ತು ಕಾಣಿಸಲೇ ಇಲ್ಲ. ಆಮೇಲೆ ಸರ್ ಪೆನ್ನಿಗೆ ಮುಚ್ಚಳ ಹಾಕಿದರು. ಝುಬೈರ್ ಫೈಲಿನಿಂದ ಒಂದು ಕಾಗದ ಎಳೆದು, ಸಹಿಯಿಲ್ಲದ ಜಾಗವನ್ನು ನೋಡಿ, ಶೀನಪ್ಪನ ಮುಖವನ್ನು ನೋಡದೆ ಮಡಚಿದ. "ಖಲಾಸ್ ಶೀನಣ್ಣ," ಅಂದ ಸಣ್ಣಗೆ.

ಆ ಸಂಜೆ ಗ್ರೇಸಿ ಬಾಯಿ ಎದುರು ನಿಂತು ಗೆಸ್ಟ್‌ಗಳ ಬಿರಿಯಾನಿಯನ್ನು ಕೆಲಸದವರಿಗೆ ಬಡಿಸಿದರು. ಭಾನುವಾರದಿಂದ ಮುಹೈಸ್ನಾದ ಊಟದ ಗಾಡಿ ಹನ್ನೆರಡೂವರೆಗೆ ಸರಿಯಾಗಿ ಬರತೊಡಗಿತು. ಒಂದು ನಿಮಿಷ ತಡವಾದರೆ ನಲವತ್ತು ಜನ ಬಕೆಟು ಬಡಿದು ಹಾಡುತ್ತಿದ್ದರು.

ಸೋಮವಾರ ಬ್ಯಾಂಡಿನವರನ್ನು ಏರ್‌ಪೋರ್ಟಿಗೆ ಬಿಟ್ಟದ್ದು ಶೀನಪ್ಪನೇ. ಹದಿನೇಳು ಪೆಟ್ಟಿಗೆ ಇಳಿಸಿ ಆದ ಮೇಲೆ ಬಿಸಿ ಮೇಡಂ ಅವನ ಎರಡೂ ಕೈ ಹಿಡಿದಳು. ನಡೆದದ್ದು ಒಂದೂ ಅವಳಿಗೆ ಗೊತ್ತಿರಲಿಲ್ಲ.

"ಪಾಪಾ," ಅಂತ ನಕ್ಕಳು. "ವಣಸ್ ಆಂಡಾ?"

"ಆಂಡ್ ಮೇಡಂ," ಅಂದ ಶೀನಪ್ಪ. "ಪೂರಾ ಆಂಡ್." ಎಲ್ಲ ಮುಗಿಯಿತು.

ಬುಧವಾರ ಕರಾಮದಲ್ಲಿ 'ಮಲ್ಲಾಯೆ' ಹೋಟೆಲು ಶುರುವಾಯಿತು. ಮ್ಯಾನೇಜರ್ ಸೆಬಾಸ್ಟಿಯನ್ ಟೈ ಕಟ್ಟಿಕೊಂಡು ಹಾಡು ಹಾಕಿದ. ಮೊದಲ ತಟ್ಟೆಗೆ ಪಾಯ್ಸ್ ಸರ್ ತಾವೇ ಕುಳಿತರು, ಅವರಪ್ಪನ ಹಾಗೆ ಬಂಗುಡೆ ಬಿಡಿಸಿದರು, ಬಂದವರೆಲ್ಲ ಸುತ್ತ ನಿಂತು ನೋಡಿದರು. ಗೆಸ್ಟ್‌ಗಳನ್ನು ಬಸ್ಸಿನಲ್ಲಿ ತಂದಿಳಿಸಿದ ಶೀನಪ್ಪನೂ ಬಾಗಿಲ ಹತ್ತಿರ ನಿಂತು ನೋಡಿದ. ಎಡಗಾಲು ಸ್ವಲ್ಪ ಕುಣಿಯಿತು.

ಗುರುವಾರ ಬೆಳಗಿನ ಮಂಗಳೂರು ವಿಮಾನಕ್ಕೆ ಅವನು ಹೋದ.